ಭಾವನ ನಲ್ಲಿಯಲ್ಲಿ ಬರೀ ಗಾಳಿ ಬಂದ ದಿನ

ಹೋದ ವಾರ ನಮ್ಮ ಮನೆಗೆ ಹೊಸ ಬಾಯ್ಲರ್ ಹಾಕಲು ಪ್ಲಂಬರ್ ಬಂದಿದ್ದ. ಮಹಡಿಯ ಮೇಲೆ ಏರಿಂಗ್ ಕಬರ್ಡ್ ಅಂತ ಒಂದು ಬೆಚ್ಚನೆಯ ಕಪಾಟು ಇರುತ್ತದಲ್ಲ, ಬಿಸಿನೀರಿನ ತೊಟ್ಟಿ ಕೂರಿಸಿರುವುದು, ಅದನ್ನು ಕಿತ್ತು ಹಾಕುತ್ತಿದ್ದ. ತೊಟ್ಟಿಯನ್ನು ಅಲುಗಿಸಿದ ಕೂಡಲೇ ಹಿಂದಿನಿಂದ ಒಂದು ಬಟ್ಟೆಯ ಗಂಟು ಕೆಳಗೆ ಬಿತ್ತು.

"ಇದೇನು ಬ್ಯಾಬ್? ಕಸದ ಸ್ಕಿಪ್‌ಗೆ ಎಸೆದುಬಿಡಲಾ?" ಅಂತ ತನ್ನ ಬರ್ಮಿಂಗ್‌ಹ್ಯಾಮ್ ಇಂಗ್ಲಿಷಿನಲ್ಲಿ ಕೇಳಿದ. ಇಲ್ಲಿಯವರಿಗೆ ಎಲ್ಲರೂ ಬ್ಯಾಬ್, ನಮ್ಮ ಪುಟ್ಟಾ ಅಂದ ಹಾಗೆ.

ಬಿಚ್ಚಿ ನೋಡಿದರೆ ಒಂದು ನಲ್ಲಿ, ಕಪ್ಪು ಪ್ಲಾಸ್ಟಿಕ್ಕಿನದು. ಕೆಂಪು ಹಿಡಿಕೆ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದ ಮೇಲೆ ವಾಸನೆ ಎಲ್ಲಿಂದ ಉಳಿದಿರಬೇಕು, ನನ್ನ ಭ್ರಮೆಯೇ ಇರಬಹುದು... ಆದರೆ ಬಂತು. ಹುಳಿ ಬಂದ ದೋಸೆ ಹಿಟ್ಟು, ಸ್ವಲ್ಪ ಹೆಚ್ಚೇ ಸುಟ್ಟ ಬ್ರೆಡ್ಡಿನ ಅಂಚು, ಎಲ್ಲೋ ಹಿಂದೆ ಒಂದಿಷ್ಟು ಜೇನು.

ಅವನು ಎಸೆಯಲು ಕೈ ಚಾಚಿದ. "ಮುಟ್ಟಬೇಡ ಅದನ್ನ!" ಅಂತ ಕಿರುಚಿಬಿಟ್ಟೆ. ಪಾಪ, ಆ ಹುಡುಗ ಅದು ಬಾಂಬೇನೋ ಅನ್ನುವ ಹಾಗೆ ಹಿಂದಕ್ಕೆ ಸರಿದ.

ಅದು ಭಾವನ ನಲ್ಲಿ. ಭಾವ ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದ ದಿನದಿಂದ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬರುತ್ತಿರುವ ಮೆಸೇಜುಗಳನ್ನು ಓದಿ ಓದಿ ನನ್ನ ಹೊಟ್ಟೆ ಉರಿಯುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಓದುವವರು ಓದಿ. "ಓಂ ಶಾಂತಿ, ವಾಟ್ ಎ ಲೆಜೆಂಡ್!" "ಭಾವನ ಮನೆ ನಲ್ಲೀಲಿ ನೀರಲ್ಲ, ಬೀರ್ ಬರ್ತಿತ್ತು ಗುರೂ, ಗೋಲ್ಡನ್ ಡೇಸ್!" ಜೊತೆಗೆ ಕೈಮುಗಿದ ಚಿತ್ರ, ಅದರ ಪಕ್ಕದಲ್ಲೇ ಗ್ಲಾಸು ಗ್ಲಾಸಿಗೆ ತಾಗಿಸುವ ಚಿತ್ರ. ಮೇಲಿಂದ, ಬರುವ ಶನಿವಾರ ಎಲ್ಲರೂ ಪಬ್ಬಿನಲ್ಲಿ ಸೇರಿ "ಭಾವನ ನೆನಪಿಗೆ ಒಂದೊಂದು ಪೈಂಟ್" ಕುಡಿಯುತ್ತಾರಂತೆ. ಕುಡಿಯಿರಪ್ಪಾ, ಕುಡಿಯಿರಿ. ಬೇರೆ ಏನು ಮಾಡಿದ್ದೀರಿ ನೀವು ಅವರಿಗೆ?

ಮೊದಲು ಅವರು ಯಾರು ಅಂತ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನನ್ನ ಗಂಡ ಬೆಂಗಳೂರಿನಿಂದ ಇಂಗ್ಲೆಂಡಿಗೆ, ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ಗೆ ಬಂದಾಗ ಪಕ್ಕದ ಮನೆಯಲ್ಲಿ ಕನ್ನಡದವರೇ ಇದ್ದರು. ಆಕೆ ಆಸ್ಪತ್ರೆಯಲ್ಲಿ ಡಾಕ್ಟರ್, ಮೈಸೂರಿನವರು. ಬಂದ ವಾರದಲ್ಲೇ ನನಗೆ ಅಕ್ಕ ಆದರು. ಹಾಗಾಗಿ ಅವರ ಗಂಡ ಭಾವ. ನನಗಷ್ಟೇ ಅಲ್ಲ, ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ಕನ್ನಡದವರಿಗೆಲ್ಲ ಅವರು ಭಾವನೇ. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ.

ಭಾವ ಧಾರವಾಡದ ಕಡೆಯವರು. ಮೆಕ್ಯಾನಿಕಲ್ ಇಂಜಿನಿಯರ್. ಹುಬ್ಬಳ್ಳಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು, ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿತು ಅಂತ ಬಿಟ್ಟು ಬಂದರು. ಇಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಅರ್ಜಿ ಹಾಕಿದರು, ಇಂಟರ್‌ವ್ಯೂಗೆ ಹೋದರು, ಆಮೇಲೆ ಹೋಗುವುದನ್ನು ನಿಲ್ಲಿಸಿದರು. ಅಕ್ಕನ ಡ್ಯೂಟಿ ಒಂದು ವಾರ ಹಗಲು, ಒಂದು ವಾರ ರಾತ್ರಿ. ಮಗಳು ಇನ್ನೂ ಚಿಕ್ಕವಳು. ಅಡುಗೆ, ಸ್ಕೂಲಿಗೆ ಬಿಡುವುದು, ಬಟ್ಟೆ, ತೋಟ ಎಲ್ಲ ಭಾವನೇ. ಈಗಿನ ಹುಡುಗರು ಇದನ್ನೇ ಮಾಡಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿಕೊಂಡು ಚಪ್ಪಾಳೆ ಗಿಟ್ಟಿಸುತ್ತಾರೆ. ಆಗ ನಮ್ಮವರು ಭಾವನಿಗೆ ಕೊಟ್ಟದ್ದು ಹಲ್ಲು ಕಿಸಿದ ನಗು ಮಾತ್ರ.

ಬೀರ್ ಹೇಗೆ ಶುರುವಾಯಿತು ಅಂದರೆ, ಬಣ್ಣ, ಮೊಳೆ, ಬಕೆಟ್ಟು ಮಾರುವ ಅಂಗಡಿಯಲ್ಲಿ ಮನೆಯಲ್ಲೇ ಬೀರ್ ಮಾಡುವ ಕಿಟ್ ಕಣ್ಣಿಗೆ ಬಿತ್ತಂತೆ. ಇಂಜಿನಿಯರ್ ಕೈ ಸುಮ್ಮನಿರುತ್ತದೆಯೇ? ತಂದರು. ಮೊದಲನೆಯದು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಆಮೇಲೆ ಹಿಡಿತ ಸಿಕ್ಕಿತು. ದೊಡ್ಡ ಬಕೆಟ್ಟಿನಲ್ಲಿ ಬಾರ್ಲಿಯ ಮಾಲ್ಟ್ ಕದಡಿ ಈಸ್ಟ್ ಹಾಕಿ ಏರಿಂಗ್ ಕಬರ್ಡಿನಲ್ಲಿ ಹುದುಗಲು ಇಡುತ್ತಿದ್ದರು. ಹುದುಗಿದ ಮೇಲೆ ಅದು ಗರಾಜಿನ ಬ್ಯಾರೆಲ್ಲಿಗೆ. ಗರಾಜ್ ತಣ್ಣಗೆ, ಅಲ್ಲಿ ವಾರಗಟ್ಟಲೆ ಕೂತು ತಿಳಿಯಾಗಬೇಕು. ಭಾವ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗೋಡೆಗೆ ತೂತು ಕೊರೆದು, ಬ್ಯಾರೆಲ್ಲಿನಿಂದ ಪೈಪ್ ಎಳೆದು, ಅಡುಗೆಮನೆಯ ಪಕ್ಕದ ಬಟ್ಟೆ ಒಗೆಯುವ ಕೋಣೆಯ ಸಿಂಕಿನ ಮೇಲೆ ಈ ನಲ್ಲಿ ಕೂರಿಸಿದರು. ಬಿಸಿನೀರು, ತಣ್ಣೀರು, ಬೀರ್. ಮೂರೂ ಒಂದೇ ಸಾಲು.

ನನಗೂ ಆ ಬೀರಿಗೂ ನಂಟು ಬೆಳೆದದ್ದು ದೋಸೆಯಿಂದ. ಮೊದಲ ಚಳಿಗಾಲ ನಮ್ಮನೆಯ ಕಪಾಟಿನಲ್ಲಿಟ್ಟರೂ ನನ್ನ ಹಿಟ್ಟು ಉಬ್ಬಲೇ ಇಲ್ಲ. ಅಳುವುದೊಂದು ಬಾಕಿ. ಅಕ್ಕ ಹೇಳಿದರು, "ನಮ್ಮನೆಗೆ ತಂದಿಡು ಕಣೆ, ಇವರ ಬೀರ್ ಬಕೆಟ್ ಪಕ್ಕದಲ್ಲಿ ಜಾಗ ಇದೆ." ಬೆಳಗ್ಗೆ ಹೋದರೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ ಹೊರಗೆ ಇಣುಕುತ್ತಿತ್ತು. ಭಾವ ಪಾತ್ರೆ ಹಿಡಿದು ಮೆಟ್ಟಿಲು ಇಳಿಯುತ್ತಾ, "ನೋಡವಾ ತಂಗಿ, ನಿನ್ನ ಹಿಟ್ಟೂ ನನ್ನ ಬೀರೂ ಒಂದ ಮನಿತನದ್ವು. ಬೆಚ್ಚಗ ಇಟ್ಟು ತೆಪ್ಪಗ ಇದ್ರ ಬರ್ತಾವ. ಮ್ಯಾಲಿಂದ ಮ್ಯಾಲೆ ಮುಚ್ಚಳ ತಗದು ನೋಡಿದ್ರ ಸಿಟ್ಟಾಗತಾವ," ಅಂದಿದ್ದರು. ಒಂದೇ ವರ್ಷದಲ್ಲಿ ಸುತ್ತಲ ಹೆಂಗಸರ ಹಿಟ್ಟಿನ ಪಾತ್ರೆಗಳೆಲ್ಲ ಆ ಕಪಾಟಿಗೆ ಬಂದವು. ಗಂಡಸರು ನಲ್ಲಿಗೆ ಬಂದರು.

ಬರುತ್ತಿದ್ದ ರೀತಿಯನ್ನೂ ಹೇಳಬೇಕು. ಶನಿವಾರ ಬೆಳಗ್ಗೆ ಸಂಸಾರ ಸಮೇತ ಟಿವಿಡೇಲ್‌ನ ಬಾಲಾಜಿ ದೇವಸ್ಥಾನ. ಆಗಿನ್ನೂ ಅದನ್ನು ಕಟ್ಟುತ್ತಿದ್ದರು, ಚಳಿಯಲ್ಲಿ ನಡುಗುತ್ತಾ ಪ್ರಸಾದ ತಿನ್ನುತ್ತಿದ್ದೆವು. ಅಲ್ಲಿಂದ ಸೀದಾ ಸೊಲಿಹಲ್, ಭಾವನ ಮನೆ. ಹೆಂಗಸರು, ಊರಿಂದ ಬಂದ ಅಪ್ಪ ಅಮ್ಮಂದಿರು ಮುಂದಿನ ಕೋಣೆಯಲ್ಲಿ ಕಾಫಿ ಹಿಡಿದು ಕೂರಬೇಕು. ಗಂಡಸರು ಒಬ್ಬೊಬ್ಬರಾಗಿ ಎದ್ದು "ಕಾರ್ ಸ್ವಲ್ಪ ಸರಿಸಿ ಬರ್ತೀನಿ" ಅನ್ನಬೇಕು. ಅಷ್ಟು ಸಲ ಸರಿಸಿದ್ದರೆ ಆ ಕಾರುಗಳು ಸ್ಕಾಟ್ಲೆಂಡ್ ಮುಟ್ಟಬೇಕಿತ್ತು. ಎಲ್ಲರೂ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಣೆಯ ಮೇಲೆ ಬಾಲಾಜಿಯ ಕುಂಕುಮ, ಕೈಯಲ್ಲಿ ಭಾವನ ಗ್ಲಾಸು. ನನ್ನ ಗಂಡನೂ ಇದ್ದ, ಸುಳ್ಳು ಯಾಕೆ ಹೇಳಲಿ.

ಕುಡಿದು ಸುಮ್ಮನಿರುತ್ತಿದ್ದರೇ? "ಭಾವಾ, ಏನ್ ಅದೃಷ್ಟ ರೀ ನಿಮ್ದು! ಅಕ್ಕಂಗೆ ನೈಟ್ ಡ್ಯೂಟಿ, ನಿಮ್ಗೆ ಬೀರ್ ಡ್ಯೂಟಿ!" ಅನ್ನುತ್ತಿದ್ದವರು ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಅವರೂ ಡಾಕ್ಟರೇ, ಬಡಾವಣೆಯ ಕ್ಲಿನಿಕ್ಕಿನ ಜಿಪಿ. ವೇದಿಕೆ ಹತ್ತಿದರೆ ನಮ್ಮ ಸಂಸ್ಕೃತಿ, ನಮ್ಮ ಹೆಣ್ಣುಮಕ್ಕಳು ಅಂತ ಭಾಷಣ. ಭಾವ ನಗುತ್ತಿದ್ದರು, ಇನ್ನೊಂದು ಗ್ಲಾಸು ತುಂಬುತ್ತಿದ್ದರು. ಮನೆಗೆ ಬಂದವರಿಗೆ ಇಲ್ಲ ಅನ್ನಲು ಅವರಿಗೆ ಬರುತ್ತಿರಲಿಲ್ಲ. ಅವರ ತಾಯಿ, ಡಬ್ಬಿಯಲ್ಲಿ ಅಕ್ಕಿ ಮುಗಿದರೂ ಮುಗಿಯಿತು ಅನ್ನಬಾರದು, ತುಂಬಿದೆ ಅನ್ನಬೇಕು ಅಂತ ಕಲಿಸಿದ್ದರಂತೆ. ನಮ್ಮ ಎಷ್ಟೋ ಮನೆಗಳಲ್ಲಿ ಇದು ಇದೆಯಲ್ಲ. ಭಾವ ಅದನ್ನು ಬೀರಿಗೂ ಹಚ್ಚಿದ್ದರು. ಬ್ಯಾರೆಲ್ ಬರಿದಾದಾಗ, "ತುಂಬೇತ್ರಿಪಾ ಇವತ್ತ, ಮುಂದಿನ ಶನಿವಾರ ಬರ್ರಿ," ಅನ್ನುತ್ತಿದ್ದರು. ಖಾಲಿ ಅನ್ನುವ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ.

ಅಕ್ಕ ಕುಡಿಯುತ್ತಿರಲಿಲ್ಲ. ಯಾರ ಹೆದರಿಕೆಯಿಂದಲೂ ಅಲ್ಲ, ಓದಬೇಕಿತ್ತು. ಆಕೆ ಒಂದು ದೊಡ್ಡ ಪರೀಕ್ಷೆಗೆ ಕಟ್ಟುತ್ತಿದ್ದರು, ಅದಾದರೆ ಮಾತ್ರ ಮುಂದೆ ಕನ್ಸಲ್ಟೆಂಟ್, ಅಂದರೆ ಆಸ್ಪತ್ರೆಯ ಹಿರಿಯ ಡಾಕ್ಟರ್, ಆಗುವ ದಾರಿ. ಡ್ಯೂಟಿ ಮುಗಿಸಿ ಬಂದು ಓದಿ, ಓದುತ್ತಲೇ ನಿದ್ದೆ ಹೋಗಿ, ಮತ್ತೆ ಎದ್ದು ಡ್ಯೂಟಿ. ಒಂದು ದಿನ ನನ್ನೆದುರಿಗೇ ಗಂಡನಿಗೆ ಹೇಳಿದರು. "ರೀ, ಪಾಸಾದ ದಿನ ನಿಮ್ಮ ನಲ್ಲೀದು ಮೊದಲನೇ ಗ್ಲಾಸ್ ನಂದು. ನಾನೂ ನೋಡ್ತೀನಿ, ಅದೇನ್ ಮಾಡ್ತಾ ಇದ್ದೀರಿ ಅಂತ."

ಆ ಮಾತು ಕೇಳಿ ಭಾವನ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ಎಲ್ಲರೂ ಕುಡಿದಿದ್ದರು, ಯಾರೂ ಅದನ್ನು ಕೆಲಸ ಅಂದಿರಲಿಲ್ಲ. ಅಕ್ಕ ಮಾತ್ರ ನೋಡುತ್ತೇನೆ ಅಂದರು.

ಅವತ್ತಿನಿಂದ ಅಕ್ಕನಿಗೆ ಬೇರೆ ಬ್ಯಾರೆಲ್. ಆಕೆಗೆ ಕಹಿ ಆಗುವುದಿಲ್ಲ ಅಂತ ಹಾಪ್ಸ್ ಹೂವು ಕಡಿಮೆ, ಜೇನು, ಸ್ವಲ್ಪ ಕಿತ್ತಳೆ ಸಿಪ್ಪೆ. ಪರೀಕ್ಷೆ ಹತ್ತಿರ ಬಂದಾಗ ಹಾಕಿಡುತ್ತಿದ್ದರು, ಫಲಿತಾಂಶದ ಹೊತ್ತಿಗೆ ತಿಳಿಯಾಗುವ ಹಾಗೆ. ಅಕ್ಕ ಫೇಲಾದರು. ಆ ಬ್ಯಾರೆಲ್ಲನ್ನು ಏನು ಮಾಡುವುದು? ಶನಿವಾರ ಬಂದವರಿಗೆ ಹಾಕಿದರು. ಮತ್ತೆ ಪರೀಕ್ಷೆ, ಮತ್ತೆ ಬ್ಯಾರೆಲ್, ಮತ್ತೆ ಫೇಲು. ಮತ್ತೆ ಇವರೇ ಕುಡಿದರು. ಹೆಂಗಸು ಒಳಗೆ ಅತ್ತು ಮುಖ ಊದಿಸಿಕೊಂಡು ಮಲಗಿದ್ದರೆ ಹೊರಗೆ ಅಧ್ಯಕ್ಷರು ಚಪ್ಪರಿಸುತ್ತಾ, "ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ ಭಾವ. ಅಕ್ಕ ಫೇಲಾದಾಗಲೇ ನಮಗೆ ಒಳ್ಳೇ ಮಾಲು ಸಿಗೋದು," ಅಂದರು. ನಕ್ಕರು ಎಲ್ಲ. ನಾನು ಬಾಗಿಲಲ್ಲೇ ಇದ್ದೆ, ಚಕ್ಕುಲಿ ತಟ್ಟೆ ಹಿಡಿದುಕೊಂಡು. ತಟ್ಟೆ ವಾಪಸ್ ಒಯ್ದೆ. ಒಂದು ಚಕ್ಕುಲಿಯನ್ನೂ ಕೊಡಲಿಲ್ಲ ಅವತ್ತು.

ಕೊನೆಗೂ ಅಕ್ಕ ಪಾಸಾದರು. ಶುಕ್ರವಾರ ತಿಳಿಯಿತು. ಶನಿವಾರ ಹಗಲು ಆಕೆಗೆ ಡ್ಯೂಟಿ, ಸಂಜೆ ಮನೆಯಲ್ಲಿ ಎಲ್ಲರೂ ಸೇರುವುದು ಅಂತಾಯಿತು. ಭಾವ ಬೆಳಗಿನಿಂದ ಒಲೆ ಮುಂದೆ. ಗಿರ್ಮಿಟ್‌ಗೆ ಈರುಳ್ಳಿ ಹೆಚ್ಚಿದ್ದು ನಾನೇ. ಮಿರ್ಚಿ ಭಜಿ ಮಾತ್ರ ನನ್ನ ಕೈಗೆ ಕೊಡಲಿಲ್ಲ. "ಹಿಟ್ಟಿನ ಹದ ನಿಂಗ ತಿಳಿಯಂಗಿಲ್ಲ, ನೀ ಬೆಂಗಳೂರಾಕಿ," ಅಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡಿರಲಿಲ್ಲ. ಗರಾಜಿನಲ್ಲಿ ಎರಡು ಬ್ಯಾರೆಲ್. ಒಂದು ಎಲ್ಲರಿಗೆ. ಇನ್ನೊಂದು ಅಕ್ಕನದು, ಅದರ ಕುತ್ತಿಗೆಗೆ ಮಗಳು ಹಳದಿ ರಿಬ್ಬನ್ ಕಟ್ಟಿದ್ದಳು.

ಸಂಜೆ ಬನ್ನಿ ಅಂದರೆ ನಮ್ಮವರು ದೇವಸ್ಥಾನದಿಂದ ಮಧ್ಯಾಹ್ನವೇ ಬಂದರು. ಭಾವ ಎಣ್ಣೆ ಬಿಟ್ಟು ಬರುವ ಹಾಗಿಲ್ಲ. ಅಡುಗೆಮನೆಯಿಂದಲೇ ಕೂಗಿ ಹೇಳಿದರು, "ತಗೋರಿ, ತಗೋರಿ, ನಿಮ್ಮ ಮನಿ! ರಿಬ್ಬನ್ ಕಟ್ಟಿದ್ದು ಮಾತ್ರ ಮುಟ್ಟಬ್ಯಾಡ್ರಿ, ಅದು ಅಕಿದು. ಮದಲನೇ ಗ್ಲಾಸ್ ಅಕೀನ ಕುಡೀಬೇಕು."

ಕೇಳಿಸಿತು. ಎಲ್ಲರಿಗೂ ಕೇಳಿಸಿತು. ನನಗೆ ಕೇಳಿಸಿದೆ ಅಂದರೆ ಅವರಿಗೂ ಕೇಳಿಸಿದೆ.

ಸಂಜೆ ಅಕ್ಕ ಬಂದರು. ಡ್ಯೂಟಿ ಬಟ್ಟೆಯಲ್ಲೇ, ಕಣ್ಣ ಕೆಳಗೆ ಕಪ್ಪು, ಆದರೆ ಮುಖ ತುಂಬ ನಗು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಎರಡು ಮಾತಾಡಿದರು, ಎರಡು ಅಂದರೆ ಅವರ ಎರಡು. ಆಮೇಲೆ ಅಕ್ಕ ಸೀದಾ ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಭಾವ ಒರೆಸಿ ಇಟ್ಟಿದ್ದ ಗ್ಲಾಸು ತೆಗೆದು ನಲ್ಲಿಯ ಕೆಳಗೆ ಹಿಡಿದರು. "ಬನ್ನಿ ರೀ, ನೀವೇ ತಿರುಗಿಸಿ."

ಆಗ ಒಬ್ಬರು, "ಅಕ್ಕಾ! ನೀವೂ ಕುಡೀತೀರಾ?" ಅಂದರು. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಆಕೆಯ ದುಡಿಮೆಯ ಮನೆಯಲ್ಲಿ ನಿಂತು ಮೂಗಿನವರೆಗೆ ಕುಡಿದವರಿಗೆ, ಆಕೆ ಗ್ಲಾಸು ಹಿಡಿದದ್ದು ನೋಡಿ ಆಘಾತ.

ಸಂಭ್ರಮದಲ್ಲಿ ಪೈಪ್ ಬದಲಿಸುವುದನ್ನೇ ಮರೆತು ಭಾವ ಹಿಡಿಕೆ ತಿರುಗಿಸಿದರು. ನಲ್ಲಿ ಕೆಮ್ಮಿತು. ಒಂದಿಷ್ಟು ನೊರೆ ಉಗುಳಿತು. ಆಮೇಲೆ ಬರೀ ಗಾಳಿ, ಉಸ್ಸ್ ಅಂತ.

"ಡ್ಯಾಡ್, ಇಟ್ಸ್ ಜಸ್ಟ್ ಏರ್," ಅಂದಳು ಮಗಳು.

ಭಾವ ಗರಾಜಿಗೆ ಹೋದರು. ನಾನೂ ಹಿಂದೆಯೇ ಹೋದೆ. ಎಲ್ಲರ ಬ್ಯಾರೆಲ್ ಬರಿದಾಗಿ ಮೂಲೆಯಲ್ಲಿ ಅಡ್ಡ ಬಿದ್ದಿತ್ತು. ಪೈಪು ಅಕ್ಕನ ಬ್ಯಾರೆಲ್ಲಿಗೆ ಸಿಕ್ಕಿಸಿತ್ತು. ಯಾರದೋ ಕೈ ಅದನ್ನು ಬದಲಿಸಿತ್ತು. ಹಳದಿ ರಿಬ್ಬನ್ ನೆಲದಲ್ಲಿ, ಒದ್ದೆ.

"ಅಯ್ಯೋ, ಒಂದೊಂದೇ ಗ್ಲಾಸ್ ಹಾಕ್ಕೊಂಡ್ವಿ ಭಾವಾ," ಅಂದರು ಅಧ್ಯಕ್ಷರು. "ಅಕ್ಕಂಗೆ ಬೇಕಾಗೋದು ಒಂದ್ ಗ್ಲಾಸ್ ತಾನೇ? ಉಳಿಯುತ್ತೆ ಅಂದ್ಕೊಂಡ್ವಿ." ಹಾಗೆ ಪ್ರತಿಯೊಬ್ಬನೂ ಅಂದುಕೊಂಡಿದ್ದ. ಪ್ರತಿಯೊಬ್ಬನೂ ತನ್ನದು ಒಂದೇ ಗ್ಲಾಸು, ಉಳಿಸುವವನು ಇನ್ನೊಬ್ಬ ಅಂದುಕೊಂಡಿದ್ದ. ಒಗೆಯುವ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಅರ್ಧ ಕುಡಿದು ಬಿಟ್ಟ ಗ್ಲಾಸುಗಳ ಸಾಲೇ ಇತ್ತು. ಒಂದರಲ್ಲಿ ಭಜಿಯ ತುಂಡು ತೇಲುತ್ತಿತ್ತು.

ಇಷ್ಟಾದರೂ ಸುಮ್ಮನಿರಬಹುದಿತ್ತು. ಅಧ್ಯಕ್ಷರು ಉಪಕಾರ ಮಾಡಲು ಹೊರಟರು. "ತಾಳಿ, ತಾಳಿ, ಬಗ್ಗಿಸಿದ್ರೆ ಬರುತ್ತೆ," ಅಂತ ಬ್ಯಾರೆಲ್ಲನ್ನು ತಬ್ಬಿ ಹಿಡಿದು ಓರೆ ಮಾಡಿದರು. ನಮ್ಮ ಮನೆಗಳಲ್ಲಿ ಕೊಳದಪ್ಪಲೆ ತಳದ ನೀರು ಬಗ್ಗಿಸುತ್ತೇವಲ್ಲ, ಹಾಗೆ. ಬೀರ್ ಬ್ಯಾರೆಲ್ಲಿನ ತಳದಲ್ಲಿ ಈಸ್ಟಿನ ಗಸಿ ಕೂತಿರುತ್ತದೆ. ಅದನ್ನು ಅಲುಗಿಸಬಾರದು, ಭಾವ ಇದನ್ನು ಅವರಿಗೆ ನೂರು ಸಲ ಹೇಳಿದ್ದರು. ನಲ್ಲಿಯ ಹತ್ತಿರ ನಿಂತಿದ್ದ ಅಕ್ಕನ ಗ್ಲಾಸಿಗೆ ಬಿದ್ದದ್ದು ಕೆಸರು. ಅಕ್ಕಿ ತೊಳೆದ ನೀರಿಗೆ ಮಣ್ಣು ಕದಡಿದಂತೆ.

"ನೋಡಿ, ಬಂತಲ್ಲ! ಅಕ್ಕ, ಚಿಯರ್ಸ್!" ಅಂದರು ಗರಾಜಿನಿಂದ ಬಂದ ಅಧ್ಯಕ್ಷರು.

ಅಕ್ಕ ಅದನ್ನೂ ಕುಡಿದೇಬಿಡುತ್ತಿದ್ದರು. ಗಂಡನ ಮುಖ ನೋಡಿ, ಆಗಲಿ ಅಂತ ಗ್ಲಾಸು ತುಟಿಯ ಹತ್ತಿರ ಒಯ್ದರು. ಭಾವ ಬಂದು ಮೆಲ್ಲಗೆ ಅದನ್ನು ಆಕೆಯ ಕೈಯಿಂದ ತೆಗೆದುಕೊಂಡು ಸಿಂಕಿಗೆ ಸುರಿದರು. ಎಲ್ಲರ ಕಡೆ ತಿರುಗಿ ಹೇಳಿದರು:

"ಖಾಲಿ ಆತ್ರಿ."

ತುಂಬೇತಿ ಅನ್ನಲಿಲ್ಲ. ಖಾಲಿ ಅಂದರು.

ನಾನು ಬಾಯಿ ಬಿಟ್ಟೆ. "ನಾಚಿಕೆ ಆಗಲ್ವೇನ್ರಿ ನಿಮಗೆ? ಫೇಲಾದಾಗಲೂ ನೀವೇ ಕುಡಿದ್ರಿ, ಪಾಸಾದಾಗಲೂ ನೀವೇ ಕುಡಿದ್ರಿ. ಓದಿದ್ದೊಂದು ಅವರು!" ನನ್ನ ಗಂಡ "ಏ, ಬಿಡೇ, ಎಲ್ಲರ ಮುಂದೆ..." ಅಂತ ತೋಳು ಹಿಡಿದ. ಮನೆಗೆ ಹೋದ ಮೇಲೆ ಅವನಿಗೆ ಬೇರೆಯಾಗಿ ಕೊಟ್ಟೆ, ಅದು ಬಿಡಿ. ಅಧ್ಯಕ್ಷರು ನಕ್ಕರು. "ಒಂದ್ ಗ್ಲಾಸ್ ಬೀರಿಗೆ ಇಷ್ಟೊಂದಾ? ನಾಳೆ ಅಂಗಡಿಯಿಂದ ಒಂದ್ ಕ್ರೇಟ್ ತಂದ್ ಹಾಕ್ತೀನಿ ಬಿಡಮ್ಮಾ."

ತಂದು ಹಾಕಲಿಲ್ಲ. ಅದನ್ನು ಬೇರೆ ಹೇಳಬೇಕೇ?

ಭಾವ ಎಲ್ಲರಿಗೂ ಗಿರ್ಮಿಟ್ ಬಡಿಸಿದರು, ಭಜಿ ಬಡಿಸಿದರು, ಬಾಗಿಲವರೆಗೆ ಬಂದು ಕಳಿಸಿದರು. ಮುಂದಿನ ಶನಿವಾರ ಕಾರು ಸರಿಸುವವರೆಲ್ಲ ಬಂದು ನೋಡಿದರೆ ಸಿಂಕಿನ ಮೇಲೆ ನಲ್ಲಿಯ ಜಾಗದಲ್ಲಿ ತೂತು ಮಾತ್ರ, ಅದಕ್ಕೆ ಬಿರಡೆ ಹಾಕಿತ್ತು. "ಚಾ ಮಾಡ್ಲ್ಯಾ?" ಅಂದರು ಭಾವ. ಕುಡಿದರು. ಅದರ ಮುಂದಿನ ವಾರ ಕಡಿಮೆ ಜನ. ಆಮೇಲೆ ಯಾರೂ ಇಲ್ಲ. ದೇವಸ್ಥಾನದಿಂದ ಸೊಲಿಹಲ್ ಇದ್ದಕ್ಕಿದ್ದಂತೆ ದೂರವಾಯಿತು. "ಹೆಂಡ್ತಿ ದೊಡ್ಡ ಡಾಕ್ಟರಾದ ಮೇಲೆ ಭಾವಂಗೆ ಕೊಬ್ಬು" ಅಂತ ಮಾತೂ ಹುಟ್ಟಿತು. ಹುಟ್ಟಿಸಿದವರು ಯಾರು ಅಂತ ನನಗೆ ಗೊತ್ತು. ಈಗ ಗುಂಪಿನಲ್ಲಿ "ಲೆಜೆಂಡ್" ಅಂತ ಮೊದಲು ಹಾಕಿದವರೂ ಅವರೇ.

ನನ್ನ ಹಿಟ್ಟಿನ ಪಾತ್ರೆ ಮಾತ್ರ ಆ ಕಪಾಟಿಗೆ ಹೋಗುವುದು ನಿಲ್ಲಲಿಲ್ಲ. ಪಕ್ಕದಲ್ಲಿ ಬಕೆಟ್ ಇರಲಿಲ್ಲ. ಹಿಟ್ಟು ಉಬ್ಬುತ್ತಿತ್ತು, ಆದರೆ ಮೊದಲಿನ ಹಾಗೆ ಮುಚ್ಚಳ ಎತ್ತುತ್ತಿರಲಿಲ್ಲ... ಅಥವಾ ನನಗೆ ಹಾಗನ್ನಿಸಿತೋ. ಅಕ್ಕನಿಗೆ ಮ್ಯಾಂಚೆಸ್ಟರ್ ಕಡೆ ಕನ್ಸಲ್ಟೆಂಟ್ ಕೆಲಸವಾಗಿ ಮನೆ ಖಾಲಿ ಮಾಡುವ ದಿನ ಭಾವ ನನ್ನ ಪಾತ್ರೆ ವಾಪಸ್ ತಂದುಕೊಟ್ಟರು. ಒಳಗೆ ಈ ಬಟ್ಟೆಯ ಗಂಟು. "ಇಟ್ಕೋ ತಂಗಿ. ನನಗ ಬ್ಯಾಡ. ಒಗಿಯಾಕೂ ಮನಸಿಲ್ಲ." ನಾನು ಅದನ್ನು ತೊಟ್ಟಿಯ ಹಿಂದೆ ಬೆಚ್ಚಗೆ ಇಟ್ಟೆ. ಮರೆತೂ ಬಿಟ್ಟೆ.

ಮೊನ್ನೆ ಪ್ಲಂಬರ್ ಹೋದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಆಕೆ ಈಗ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದಾರೆ. ಪಬ್ಬಿನ ಕಾರ್ಯಕ್ರಮದ ವಿಷಯ ಹೇಳಿ ಬೈಯತೊಡಗಿದೆ. ಆಕೆ ತಡೆದರು.

"ನಿಮ್ಮ ಭಾವ ಯಾರನ್ನೂ ಬೈಲಿಲ್ಲ ಕಣೆ. ನೀನು ಬೈದಿದ್ದು ನೆನೆಸ್ಕೊಂಡು ನಗ್ತಿದ್ರು. ಓದಿದ್ದೊಂದು ಅವರು ಅಂದಳಲ್ಲ ಆ ಹುಡುಗಿ, ಅಂತ."

"ಅಕ್ಕಾ, ಆಮೇಲೆ ಒಂದ್ ಸಲಾನೂ ಮಾಡಲಿಲ್ವಾ ಅವರು? ನಿಮಗೋಸ್ಕರ?"

ಫೋನಿನ ಆಚೆ, ಹಿಂದೆ ಎಲ್ಲೋ ಟ್ರಾಮಿನ ಗಂಟೆ.

"ಮಾಡ್ಲಾ ಅಂತ ಅವರು ಕೇಳಲಿಲ್ಲ. ಮಾಡಿ ಅಂತ ನಾನು ಹೇಳಲಿಲ್ಲ. ಅವರಿಗೆ ಮತ್ತೆ ನೋವಾಗುತ್ತೇನೋ ಅಂತ... ಅಷ್ಟರಲ್ಲೇ ಇಷ್ಟು ವರ್ಷ ಆಯ್ತು ನೋಡು." ಆಮೇಲೆ ಕೇಳಿದರು, "ಆ ನಲ್ಲಿ ಎಸೆದೆಯಾ?"

ಎಸೆದಿಲ್ಲ. ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಲು ಇಟ್ಟಿದ್ದೇನೆ, ಭಾವ ಇಡುತ್ತಿದ್ದ ಹಾಗೆ. ಶನಿವಾರ ನಾನು ಪಬ್ಬಿಗೆ ಬರುವುದಿಲ್ಲ, ಕಾಯಬೇಡಿ. ರೈಲು ಹಿಡಿದು ಸಾಲ್ಫರ್ಡಿಗೆ ಹೋಗುತ್ತಿದ್ದೇನೆ. ನೀವು ಹೋಗಿ, ಗ್ಲಾಸು ತಾಗಿಸಿ, ಭಾವನ ಕೈರುಚಿಯ ಬಗ್ಗೆ ಮಾತಾಡಿ. ಮಾತಾಡಲು ನಿಮಗೆ ಹಕ್ಕಿದೆ, ಕುಡಿದಿದ್ದೀರಿ. ಆ ಜೇನಿನ ಬ್ಯಾರೆಲ್ಲಿನ ರುಚಿ ಹೇಗಿತ್ತು ಅಂತ ಹೇಳಬಲ್ಲವರು ಈ ಊರು ತುಂಬ ಇದ್ದಾರೆ.

ಅಕ್ಕನಿಗೆ ಮಾತ್ರ ಗೊತ್ತಿಲ್ಲ.